‘ಮಾಡುತ್ತಿದ್ದೆ’ ಅಂದಾಗಲೆಲ್ಲ ‘ವಾಸ್ ಡೂಯಿಂಗ್’ ಬೇಕಾ?

ಪ್ರಶ್ನೆ: ನಾನು ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂನಲ್ಲಿ ಓದಿದವನು. ಈಗ ವೈಟ್‌ಫೀಲ್ಡ್‌ನ ಒಂದು ಕಂಪನಿಯಲ್ಲಿ ಕೆಲಸ. ದಿನಾ ಬೆಳಿಗ್ಗೆ ಮೀಟಿಂಗ್‌ನಲ್ಲಿ ನಿನ್ನೆ ಏನು ಮಾಡಿದೆ ಅಂತ ಇಂಗ್ಲಿಷ್‌ನಲ್ಲಿ ಹೇಳಬೇಕು. ಸಿಂಪಲ್ ಪಾಸ್ಟ್, ಪಾಸ್ಟ್ ಕಂಟಿನ್ಯುಯಸ್ ಎರಡೂ ಓದಿದ್ದೇನೆ. ಆದರೆ ಬಾಯಿಗೆ ಬರುವುದು ಬರೀ ‘ಐ ವಾಸ್ ಡೂಯಿಂಗ್’, ‘ಐ ವಾಸ್ ಚೆಕಿಂಗ್’. ಮೊನ್ನೆ ಮ್ಯಾನೇಜರ್ ‘ಹಾಗಾದ್ರೆ ಇನ್ನೂ ಮುಗಿದಿಲ್ವಾ?’ ಅಂದರು. ಕೆಲಸ ಮುಗಿದು ಹೋಗಿತ್ತು. ಎಲ್ಲಿ ಎಡವುತ್ತಿದ್ದೇನೆ?
– ಓದುಗರು, ವಿಜಯನಗರ, ಬೆಂಗಳೂರು

ಉತ್ತರ: ನಿಮ್ಮ ಮ್ಯಾನೇಜರ್ ಹಾಗೆ ಕೇಳಿದ್ದು ಸಹಜವೇ. ‘ಐ ವಾಸ್ ಚೆಕಿಂಗ್ ದ ರಿಪೋರ್ಟ್’ ಅಂದರೆ ಆ ಕೆಲಸ ನಡೆಯುತ್ತಿತ್ತು ಅಂತ ಮಾತ್ರ ಗೊತ್ತಾಗುತ್ತದೆ. ಮುಗಿಯಿತೋ ಇಲ್ಲವೋ ಗೊತ್ತಾಗುವುದಿಲ್ಲ. ‘ಐ ಚೆಕ್ಡ್ ದ ರಿಪೋರ್ಟ್’ ಅಂದರೆ ಕೆಲಸ ಆಯಿತು. ಬೆಳಗಿನ ಮೀಟಿಂಗ್‌ನಲ್ಲಿ ಎಲ್ಲರಿಗೂ ಬೇಕಾಗಿರುವುದು ಈ ಎರಡನೆಯದು. ಆದ್ದರಿಂದ ಅಲ್ಲಿ ನೀವು ಹೆಚ್ಚಾಗಿ ಬಳಸಬೇಕಾದದ್ದು ಸಿಂಪಲ್ ಪಾಸ್ಟ್: ಚೆಕ್ಡ್, ಸೆಂಟ್, ಫಿನಿಶ್ಡ್, ಸ್ಪೋಕ್.

ಕೆಲಸ ತುಂಬ ಹೊತ್ತು ಹಿಡಿದರೆ ಕಂಟಿನ್ಯುಯಸ್ ಹಾಕಬೇಕು ಅಂತ ಬಹಳ ಜನ ತಿಳಿದಿದ್ದಾರೆ. ಅದು ತಪ್ಪು. ‘ಐ ವರ್ಕ್ಡ್ ದೇರ್ ಫಾರ್ ತ್ರೀ ಇಯರ್ಸ್’ ಸರಿಯಾದ ವಾಕ್ಯ. ಮೂರು ವರ್ಷ ದೊಡ್ಡ ಅವಧಿಯೇ, ಆದರೆ ಅದು ಮುಗಿದಿದೆ, ಅದನ್ನು ಇಡಿಯಾಗಿ ನೋಡಿ ಹೇಳುತ್ತಿದ್ದೀರಿ. ಇಡಿಯಾಗಿ ನೋಡುತ್ತೀರೋ, ನಡುವೆ ನಿಂತು ನೋಡುತ್ತೀರೋ ಅನ್ನುವುದರ ಮೇಲೆ ಎಲ್ಲವೂ ನಿಂತಿದೆ.

ಇನ್ನು ನೀವು ಎಡವುತ್ತಿರುವ ಜಾಗಕ್ಕೆ ಬರೋಣ. ನಮ್ಮ ‘ಮಾಡುತ್ತಿದ್ದೆ’ ಎರಡು ಕೆಲಸ ಮಾಡುತ್ತದೆ. ‘ನೀವು ಫೋನ್ ಮಾಡಿದಾಗ ನಾನು ಊಟ ಮಾಡುತ್ತಿದ್ದೆ’ ಅನ್ನುವಾಗ ಆ ಹೊತ್ತಿಗೆ ಊಟ ನಡೆಯುತ್ತಿತ್ತು. ‘ಚಿಕ್ಕವರಿದ್ದಾಗ ಪ್ರತಿ ಭಾನುವಾರ ಲಾಲ್‌ಬಾಗ್‌ಗೆ ಹೋಗುತ್ತಿದ್ದೆವು’ ಅನ್ನುವಾಗ ಅದೊಂದು ರೂಢಿ. ಕನ್ನಡದಲ್ಲಿ ಎರಡಕ್ಕೂ ಒಂದೇ ರೂಪ. ಇಂಗ್ಲಿಷ್‌ನಲ್ಲಿ ಮೊದಲನೆಯದು ‘ಐ ವಾಸ್ ಈಟಿಂಗ್’. ಎರಡನೆಯದು ‘ವಿ ವೆಂಟ್ ಟು ಲಾಲ್‌ಬಾಗ್ ಎವ್ರಿ ಸಂಡೇ’ ಅಥವಾ ‘ವಿ ಯೂಸ್ಡ್ ಟು ಗೋ’. ಅಲ್ಲಿ ‘ವಿ ವರ್ ಗೋಯಿಂಗ್’ ಅಂದರೆ ಕೇಳುವವರು ‘ಹೋಗ್ತಾ ಇದ್ರಿ, ಆಮೇಲೆ ಏನಾಯ್ತು?’ ಅಂತ ಕಾಯುತ್ತಾರೆ.

ಹೇಗೆ ಗುರುತಿಸುವುದು? ಮನಸ್ಸಿಗೆ ಬಂದ ಕನ್ನಡ ವಾಕ್ಯದೊಳಗೆ ‘ಆಗೆಲ್ಲ’ ಅನ್ನುವ ಮಾತು ಸೇರಿಸಿ ನೋಡಿ. ಅದು ಒಪ್ಪಿದರೆ ಸಿಂಪಲ್ ಪಾಸ್ಟ್ ಅಥವಾ ‘ಯೂಸ್ಡ್ ಟು’. ‘ಸರಿಯಾಗಿ ಅದೇ ಹೊತ್ತಿಗೆ’ ಒಪ್ಪಿದರೆ ‘ವಾಸ್’ ಜೊತೆ ‘ಇಂಗ್’. ಹಳೇ ಕೆಲಸದ ಬಗ್ಗೆ ಇಂಟರ್ವ್ಯೂನಲ್ಲಿ ಹೇಳುವಾಗ ಇದು ತುಂಬ ಉಪಯೋಗಕ್ಕೆ ಬರುತ್ತದೆ. ‘ಆಗೆಲ್ಲ ನಾನೇ ಬಿಲ್ಲಿಂಗ್ ನೋಡಿಕೊಳ್ಳುತ್ತಿದ್ದೆ’ ಅನ್ನುವುದಕ್ಕೆ ‘ಐ ಹ್ಯಾಂಡಲ್ಡ್ ಬಿಲ್ಲಿಂಗ್’ ಸಾಕು, ಗಟ್ಟಿಯಾಗಿಯೂ ಕೇಳುತ್ತದೆ.

ಹಾಗಂತ ಕಂಟಿನ್ಯುಯಸ್ ಬಿಟ್ಟುಬಿಡಬೇಡಿ. ಒಂದು ನಡೆಯುತ್ತಿರುವಾಗ ಇನ್ನೊಂದು ನಡುವೆ ಬಂದರೆ ಅದು ಬೇಕೇ ಬೇಕು. ‘ವೆನ್ ಯು ಕಾಲ್ಡ್, ಐ ವಾಸ್ ಚೇಂಜಿಂಗ್ ಟ್ರೈನ್ಸ್ ಅಟ್ ಮೆಜೆಸ್ಟಿಕ್.’ ಇನ್ನೊಂದು ನೋಡಿ: ‘ವೆನ್ ದ ಮೆಟ್ರೋ ಸ್ಟಾರ್ಟೆಡ್ ಇನ್ 2011, ಐ ವಾಸ್ ಲಿವಿಂಗ್ ಇನ್ ಇಂದಿರಾನಗರ.’ ಮೆಟ್ರೋ ಶುರುವಾದದ್ದು ಒಂದು ಘಟನೆ. ಇಂದಿರಾನಗರದಲ್ಲಿ ಇದ್ದದ್ದು ಅದರ ಸುತ್ತಲಿನ ಕಾಲ. ಎರಡರಲ್ಲಿ ಯಾವುದನ್ನು ಹಾಕಿದರೂ ನಡೆಯುತ್ತದೆ ಅಂದುಕೊಂಡರೆ ಅರ್ಥವೇ ಬದಲಾಗಬಹುದು. ‘ವೆನ್ ಮೈ ಬ್ರದರ್ ಕೇಮ್, ಐ ಮೇಡ್ ಕಾಫಿ’ ಅಂದರೆ ಅಣ್ಣ ಬಂದ, ಆಮೇಲೆ ಕಾಫಿ ಮಾಡಿದಿರಿ. ‘ಐ ವಾಸ್ ಮೇಕಿಂಗ್ ಕಾಫಿ’ ಅಂದರೆ ಅವನು ಬರುವಾಗಲೇ ಹಾಲು ಒಲೆಯ ಮೇಲಿತ್ತು.

ಬೆಂಗಳೂರಿನ ಆಫೀಸುಗಳಲ್ಲಿ ಜಾಸ್ತಿ ಕೇಳುವ ಇನ್ನೊಂದು ತಪ್ಪು: ‘ಐ ವಾಸ್ ನೋಯಿಂಗ್’, ‘ಐ ವಾಸ್ ಹ್ಯಾವಿಂಗ್ ಎ ಬೈಕ್’. ಇಲ್ಲಿ ಕನ್ನಡವನ್ನೇ ನಂಬಿ. ನಾವು ‘ಗೊತ್ತಿತ್ತು’, ‘ಬೈಕ್ ಇತ್ತು’ ಅನ್ನುತ್ತೇವೆ. ಅಲ್ಲಿ ‘ಉತ್ತಿ’ ಇಲ್ಲವೇ ಇಲ್ಲ, ಅಲ್ವಾ? ಇಂಗ್ಲಿಷ್‌ನಲ್ಲೂ ‘ಐ ನ್ಯೂ’, ‘ಐ ಹ್ಯಾಡ್ ಎ ಬೈಕ್’. ‘ಐ ವಾಸ್ ಹ್ಯಾವಿಂಗ್ ಲಂಚ್’ ಮಾತ್ರ ಸರಿ, ಏಕೆಂದರೆ ಅಲ್ಲಿ ಅದು ಊಟ ಮಾಡುವ ಕ್ರಿಯೆ. ಆದರೆ ‘ನಂಬುತ್ತಿದ್ದೆ’ಯಂಥ ಮಾತು ದಾರಿ ತಪ್ಪಿಸುತ್ತದೆ. ಅದಕ್ಕೆ ‘ಐ ಬಿಲೀವ್ಡ್’ ಅನ್ನಬೇಕು.

ಪ್ರಶ್ನೆ: ಆರನೇ ಕ್ಲಾಸಿನ ಮಗಳು ‘ಐ ಡಿಡ್ ನಾಟ್ ವೆಂಟ್’ ಅಂತ ಬರೆಯುತ್ತಾಳೆ. ಎಷ್ಟು ತಿದ್ದಿದರೂ ಮತ್ತೆ ಅದೇ. ಹೇಗೆ ಹೇಳಿಕೊಡಲಿ?
– ಓದುಗರು, ಯಲಹಂಕ

ಉತ್ತರ: ಅವಳಿಗೆ ಬೈಯಬೇಡಿ ಅಮ್ಮಾ. ನಿನ್ನೆಯ ವಿಷಯ ಅಂದಮೇಲೆ ‘ವೆಂಟ್’ ಬರಬೇಕು ಅಂತ ಯೋಚಿಸಿಯೇ ಬರೆದಿದ್ದಾಳೆ. ಅವಳ ಹತ್ತಿರ ‘ನಾನು ನಿನ್ನೆ ಬಂದೆ’ ಅಂತ ಹೇಳಿಸಿ. ಆಮೇಲೆ ಅದನ್ನೇ ‘ಇಲ್ಲ’ ಅಂತ ಬರುವ ಹಾಗೆ ಹೇಳಿಸಿ. ‘ಬರಲಿಲ್ಲ’ ಅನ್ನುತ್ತಾಳೆ, ‘ಬಂದಲಿಲ್ಲ’ ಅನ್ನುವುದಿಲ್ಲ. ‘ಲಿಲ್ಲ’ದಲ್ಲೇ ಹಿಂದಿನ ಕಾಲ ಬಂತು, ಮತ್ತೆ ‘ಬಂದ’ ಬೇಕಾಗಿಲ್ಲ. ‘ಡಿಡ್ ನಾಟ್’ ಕೂಡ ಹಾಗೆಯೇ. ಕಾಲವನ್ನು ‘ಡಿಡ್’ ಹೇಳಿಬಿಟ್ಟಿದೆ, ಆದ್ದರಿಂದ ‘ಡಿಡ್ ನಾಟ್ ಗೋ’. ಪ್ರಶ್ನೆ ಕೇಳುವಾಗಲೂ ‘ಡಿಡ್ ಯು ಗೋ?’ ಅಂತಲೇ. ಪುಸ್ತಕ ತೆಗೆಯದೆ, ರಾತ್ರಿ ಊಟದ ಹೊತ್ತಿನಲ್ಲಿ ಸುಮ್ನೆ ಅವತ್ತಿನ ಸ್ಕೂಲಿನ ವಿಷಯ ಕೇಳಿ. ‘ಡಿಡ್ ಯು ಪ್ಲೇ? ಡಿಡ್ ಯು ಈಟ್?’ ಅವಳು ‘ಎಸ್, ಐ ಪ್ಲೇಡ್’, ‘ನೋ, ಐ ಡಿಡ್ ನಾಟ್ ಈಟ್’ ಅಂತ ಪೂರ್ತಿ ವಾಕ್ಯದಲ್ಲಿ ಉತ್ತರ ಕೊಡಲಿ. ಗೋ, ಕಮ್, ಈಟ್, ಸೀ, ಬೈ ಈ ಐದರಿಂದ ಶುರು ಮಾಡಿ. ದಿನದ ಮಾತಿನಲ್ಲಿ ಇವು ಮತ್ತೆ ಮತ್ತೆ ಬರುತ್ತವೆ, ಐದರ ಪಾಸ್ಟ್ ರೂಪವೂ ಬೇರೆಯೇ.