ಪ್ರತಿಕ್ರಿಯೆ: 2ಎ ಅಭ್ಯರ್ಥಿಗೆ ಸಾಮಾನ್ಯ ಮಹಿಳಾ ಹುದ್ದೆ ಸಿಗುತ್ತದೆಯೇ?

ಚಳ್ಳಕೆರೆಯ ಸಹೋದರಿಯವರೇ, ನಿಮ್ಮದು 2ಎ, ಅಂದರೆ ಹಿಂದುಳಿದ ವರ್ಗಗಳ ಮೀಸಲಾತಿಯ ಒಂದು ಗುಂಪು; ಅಂಕವೂ ಚೆನ್ನಾಗಿದೆ. ಆದರೂ ‘ಸಾಮಾನ್ಯ ಅರ್ಹತೆ–ಮಹಿಳೆ’ ಹುದ್ದೆ ನಿಮಗಿಲ್ಲ ಎಂದು ಕೋಚಿಂಗ್‌ನಲ್ಲಿ ಹೇಳಿದರೆಂದು ಬರೆದಿದ್ದೀರಿ. ಅದು ಶುದ್ಧ ತಪ್ಪು. ಸಾಮಾನ್ಯ ಅರ್ಹತೆ ಎಂಬುದು ಯಾವುದೋ ಜಾತಿಯ ಹೆಸರಲ್ಲ, ಎಲ್ಲರಿಗೂ ತೆರೆದ ಪಟ್ಟಿ.

2020ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಸೌರವ್ ಯಾದವ್ ಪ್ರಕರಣದಲ್ಲಿ ಇದನ್ನೇ ಇತ್ಯರ್ಥ ಮಾಡಿತು. ಉತ್ತರ ಪ್ರದೇಶದ ಪೊಲೀಸ್ ನೇಮಕಾತಿಯಲ್ಲಿ ಸಾಮಾನ್ಯ ಮಹಿಳಾ ಪಟ್ಟಿಯ ಕೊನೆಯವರಿಗೆ ಬಂದದ್ದು 274 ಚಿಲ್ಲರೆ ಅಂಕ. 276 ಚಿಲ್ಲರೆ ಪಡೆದ ಹಿಂದುಳಿದ ವರ್ಗದ ಮಹಿಳೆ ಹೊರಗೆ! ಹೀಗೆ ತಡೆಯುವಂತಿಲ್ಲ ಎಂದಿತು ನ್ಯಾಯಾಲಯ. ಅರ್ಹತೆಯಿಂದ ಗೆದ್ದವರನ್ನು ಮೀಸಲು ಕೋಟಾದ ಲೆಕ್ಕಕ್ಕೆ ಹಿಡಿಯಬಾರದೆಂದು 1992ರ ಇಂದ್ರಾ ಸಾಹ್ನಿ ತೀರ್ಪೇ ಹೇಳಿತ್ತು. ಹಾಗಾಗಿ ನೀವು ಸಾಮಾನ್ಯ ಅರ್ಹತೆಯ ಪಟ್ಟಿಯಲ್ಲಿ ಬಂದರೆ 2ಎಯ ಒಂದು ಹುದ್ದೆ ಇನ್ನೊಬ್ಬಳಿಗೆ ಉಳಿಯುತ್ತದೆ.

ವಯೋಮಿತಿ ಸಡಿಲಿಕೆ ಪಡೆದಿದ್ದರೆ ಮಾತ್ರ ಅಧಿಸೂಚನೆಯ ಷರತ್ತು ನೋಡಿ, ಅಲ್ಲಿ ನಿಯಮ ಬೇರೆ ಇರಬಹುದು.

ಇಲ್ಲಿ ದಾವಣಗೆರೆಯಲ್ಲಿ ನನ್ನ ತಂಗಿ ತಾತ್ಕಾಲಿಕ ಆಯ್ಕೆ ಪಟ್ಟಿಯ 2ಎ ಕಾಲಂನಲ್ಲಿ ಹೆಸರಿಲ್ಲವೆಂದು ಅತ್ತು ಊಟ ಬಿಟ್ಟಿದ್ದಳು. ಹೆಸರು ಮೊದಲ ಪುಟದಲ್ಲೇ ಇತ್ತು, ಸಾಮಾನ್ಯ ಅರ್ಹತೆಯಲ್ಲಿ. ನೀವೂ ಮೊದಲ ಪುಟದಿಂದಲೇ ಹುಡುಕಿ. ವ್ಯತ್ಯಾಸ ಕಂಡರೆ ಆಕ್ಷೇಪಣೆಯ ಗಡುವಿನೊಳಗೆ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ.