ತನಿಖೆಯ ಪಡಸಾಲೆ: ಗಡಿಯಾರ ತಪ್ಪಿದ ಡಿವಿಆರ್

(ತನಿಖಾಧಿಕಾರಿಗಳಿಗೆ ಡಿಜಿಟಲ್ ಸಾಕ್ಷ್ಯದ ಪಾಠ ಹೇಳುವ ನಿವೃತ್ತ ಪೊಲೀಸ್ ಅಧಿಕಾರಿಯೊಬ್ಬರು ಓದುಗರ ಪ್ರಶ್ನೆಗಳಿಗೆ ಉತ್ತರಿಸುತ್ತಾರೆ.)

ಪ್ರಶ್ನೆ: ಕನ್ನಡ ಎಂ.ಎ. ಮಾಡಿ ಪಿಎಸ್ಐ ಆದವಳು ನಾನು. ಡಿಜಿಟಲ್ ಫೊರೆನ್ಸಿಕ್ ತರಬೇತಿಗೆ ನನ್ನ ಹೆಸರು ಬಂದಿದೆ. ಜೊತೆಯವರೆಲ್ಲ ಎಂಜಿನಿಯರಿಂಗ್ ಓದಿದವರು. ನನ್ನಿಂದ ಆಗುತ್ತದೆಯೇ?
– ಓದುಗರೊಬ್ಬರು, ಹಾಸನ ಜಿಲ್ಲೆ

ಆಗುತ್ತದೆ ತಾಯಿ, ನೆಮ್ಮದಿಯಾಗಿ ಹೊರಡಿ. ನನ್ನ ತರಗತಿಯಲ್ಲಿ ಮೊದಲು ಎಡವುವವರು ಎಂಜಿನಿಯರುಗಳೇ. ಮೇಜಿನ ಮೇಲೆ ಮೊಬೈಲ್ ಇಟ್ಟರೆ ಅವರ ಕೈ ಸುಮ್ಮನಿರುವುದಿಲ್ಲ, ತೆರೆದು ಗ್ಯಾಲರಿ ನೋಡಿಬಿಡುತ್ತಾರೆ. ಸಾಕ್ಷ್ಯ ಕೆಡುವುದು ಅಲ್ಲೇ. ಆಫ್ ಆಗಿರುವ ಯಂತ್ರವನ್ನು ಆನ್ ಮಾಡಬಾರದು. ಆನ್ ಇರುವ ಮೊಬೈಲನ್ನು ಸಿಗ್ನಲ್ ನುಸುಳದ ಫ್ಯಾರಡೆ ಚೀಲಕ್ಕೆ ಹಾಕಬೇಕು, ಇಲ್ಲದಿದ್ದರೆ ಆರೋಪಿಯ ಭಾವಮೈದ ಮನೆಯಲ್ಲಿ ಕುಳಿತೇ ಅದರಲ್ಲಿರುವುದನ್ನೆಲ್ಲ ಅಳಿಸಿಹಾಕಬಹುದು. ಇದು ಬರೀ ಮೇಷ್ಟರ ಮಾತಲ್ಲ. 2021ರಲ್ಲಿ ವೀರೇಂದ್ರ ಖನ್ನಾ ಪ್ರಕರಣದಲ್ಲಿ ನಮ್ಮ ಹೈಕೋರ್ಟ್ ಕೊಟ್ಟ ಮಾರ್ಗಸೂಚಿಯಲ್ಲಿಯೂ ಇದೆ.

ಯಂತ್ರದ ಪಾಠ ಬೇಗ ಬರುತ್ತದೆ. ರೈಟ್ ಬ್ಲಾಕರ್ ಎಂಬ ಸಣ್ಣ ಪೆಟ್ಟಿಗೆಯೊಂದಿದೆ. ಹಾರ್ಡ್ ಡಿಸ್ಕನ್ನು ಓದಲು ಬಿಡುತ್ತದೆ, ಅದರ ಮೇಲೆ ಬರೆಯಲು ಬಿಡುವುದಿಲ್ಲ. ಅದರ ಮೂಲಕ ನಕಲು ತೆಗೆದು ಹ್ಯಾಶ್ ಮೌಲ್ಯ, ಅಂದರೆ ಕಡತದ ಬೆರಳಚ್ಚಿನಂಥ ಗುರುತು, ಲೆಕ್ಕ ಹಾಕಿಸುತ್ತೀರಿ. ಎಸ್‌ಎಚ್‌ಎ-256 ಎಂಬ ಲೆಕ್ಕದ ವಿಧಾನವಾದರೆ ಅಂಕೆ, ಅಕ್ಷರ ಸೇರಿ 64 ಸ್ಥಾನಗಳ ಒಂದು ಸಾಲು ಬರುತ್ತದೆ. ಕಡತದಲ್ಲಿ ಒಂದು ಅಲ್ಪವಿರಾಮ ಸೇರಿಸಿ ಮತ್ತೆ ಲೆಕ್ಕ ಹಾಕಿಸಿ, ಸಾಲಿಗೆ ಸಾಲೇ ಬೇರೆಯಾಗಿರುತ್ತದೆ. ಅದನ್ನು ಕಣ್ಣಾರೆ ಕಂಡವರಿಗೆ ಮತ್ತೆ ವಿವರಿಸಬೇಕಾಗಿಲ್ಲ.

ಕಷ್ಟವಿರುವುದು ಮಹಜರಿನಲ್ಲಿ. 'ಒಂದು ಕಪ್ಪು ಬಣ್ಣದ ಮೊಬೈಲ್ ಅಮಾನತುಪಡಿಸಿಕೊಳ್ಳಲಾಯಿತು' ಎಂದು ಬರೆದು ಸಹಿ ಹಾಕಿಸುವವರೇ ಹೆಚ್ಚು. ಯಾವ ಮೊಬೈಲ್? ಮೊಬೈಲಿನ ಗುರುತಿನ ಸಂಖ್ಯೆಯಾದ ಐಎಂಇಐನ 15 ಅಂಕೆ ಎಲ್ಲಿ? ಗಾಜು ಎಡ ಮೂಲೆಯಲ್ಲಿ ಒಡೆದಿತ್ತೇ, ಸಿಮ್ ಎಷ್ಟಿದ್ದವು, ಪರದೆ ತೋರಿಸುತ್ತಿದ್ದ ಸಮಯವೇನು, ಚೀಲಕ್ಕೆ ಹಾಕಿ ಮೊಹರು ಮಾಡಿದ್ದು ಎಷ್ಟು ಗಂಟೆಗೆ? ಪಾಟೀಸವಾಲಿನಲ್ಲಿ ಆರೋಪಿ ಪರ ವಕೀಲರು ನಿಮ್ಮ ಸಾಫ್ಟ್‌ವೇರ್ ಗೋಜಿಗೆ ಹೋಗುವುದಿಲ್ಲ. 'ಸಂಜೆ 5ಕ್ಕೆ ಜಪ್ತಿಯಾದ ಮೊಬೈಲಿನಲ್ಲಿ 6.20ಕ್ಕೆ ವಾಟ್ಸ್‌ಆ್ಯಪ್ ತೆರೆದವರು ಯಾರು?' ಎಂದು ಮೆಲ್ಲಗೆ ಕೇಳುತ್ತಾರೆ. ಎಡವಿ ಬೀಳುವ ಇನ್ನೊಂದು ಗುಂಡಿಯನ್ನೂ ಈಗಲೇ ತೋರಿಸಿಬಿಡುತ್ತೇನೆ. ಉಪಕರಣದ ವರದಿಯಲ್ಲಿ ಸಮಯ ಎಷ್ಟೋ ಬಾರಿ ಯುಟಿಸಿ ಎಂಬ ಅಂತರರಾಷ್ಟ್ರೀಯ ಸಮಯದಲ್ಲಿರುತ್ತದೆ, ನಮ್ಮದು ಅದಕ್ಕಿಂತ ಮುಂದು. ಐದೂವರೆ ಗಂಟೆ ಕೂಡಿಸದೆ ದೋಷಾರೋಪ ಪಟ್ಟಿ ಬರೆದರೆ ಮುಂಜಾನೆ 2ರ ಕರೆ ಹಿಂದಿನ ರಾತ್ರಿ 8.30ಕ್ಕೆ ಬಂದು ಕುಳಿತಿರುತ್ತದೆ. ಕಂಡದ್ದನ್ನು ಕಂಡಷ್ಟೇ, ಬಿಡದೆ ಬರೆಯಲು ಬಲ್ಲ ಕನ್ನಡ ಎಂ.ಎ.ಯವರು ನನ್ನ ತರಗತಿಗೆ ಇನ್ನಷ್ಟು ಬರಲಿ.

ಪ್ರಶ್ನೆ: ಎದುರಿನ ಅಂಗಡಿಯ ಕಳ್ಳತನ ನನ್ನ ಸಿಸಿಟಿವಿಯಲ್ಲಿ ಸೆರೆಯಾಗಿದೆ. ಆದರೆ ದೃಶ್ಯ ದಾಖಲಿಸುವ ಪೆಟ್ಟಿಗೆಯ (ಡಿವಿಆರ್) ಗಡಿಯಾರ 17 ನಿಮಿಷ ಮುಂದಿದೆ. ಪೊಲೀಸರು ಬರುವ ಮೊದಲು ಸರಿಪಡಿಸಿಡಲೇ? ಯಾವುದೋ ಪ್ರಮಾಣಪತ್ರಕ್ಕೆ ಸಹಿ ಬೇಕಂತೆ, ನಾನು ಸಿಕ್ಕಿಹಾಕಿಕೊಳ್ಳುವುದಿಲ್ಲವಷ್ಟೇ?
– ದಿನಸಿ ವ್ಯಾಪಾರಿ, ತಿಪಟೂರು

ಸ್ವಾಮಿ, ದಯವಿಟ್ಟು ಗಡಿಯಾರ ಮುಟ್ಟಬೇಡಿ! ತಪ್ಪು ಗಡಿಯಾರದಿಂದ ಕೇಸು ಬಿದ್ದುಹೋಗುವುದಿಲ್ಲ, ತಪ್ಪು ಎಷ್ಟಿತ್ತು ಎಂಬುದು ದಾಖಲಾಗದಿದ್ದರೆ ಬಿದ್ದುಹೋಗುತ್ತದೆ. ಡಿವಿಆರ್ ಪರದೆಯ ಪಕ್ಕದಲ್ಲಿ ಮೊಬೈಲ್ ಹಿಡಿದು ಎರಡರ ಸಮಯವೂ ಕಾಣುವಂತೆ ಒಂದೇ ಫೋಟೊ ತೆಗೆಯಬೇಕು, ಮುಂದಿದೆಯೋ ಹಿಂದಿದೆಯೋ ಎಂದು ಮಹಜರಿನಲ್ಲಿ ಬರೆಯಬೇಕು. ಬಂದ ಅಧಿಕಾರಿ ಮರೆತರೆ ನೀವೇ ನೆನಪಿಸಿ. ಆದರೆ ತಡಮಾಡಬೇಡಿ. ಡಿಸ್ಕ್ ತುಂಬಿದ ಮೇಲೆ ಡಿವಿಆರ್ ಹಳೆಯದರ ಮೇಲೆಯೇ ಹೊಸದನ್ನು ಬರೆಯುತ್ತ ಹೋಗುತ್ತದೆ, ಕಳ್ಳನ ಸರದಿಯೂ ಬರುತ್ತದೆ.

ಪ್ರಮಾಣಪತ್ರಕ್ಕೆ ಹೆದರಬೇಡಿ. ದೃಶ್ಯವನ್ನು ಪೆನ್‌ಡ್ರೈವ್‌ಗೆ ನಕಲು ಮಾಡಿ ಕೊಟ್ಟರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಅದು ಬೇಕೇ ಬೇಕು. ನಮೂನೆಯಲ್ಲಿ ಎರಡು ಭಾಗ. ಸಾಧನ ನಿಮ್ಮ ಸುಪರ್ದಿಯಲ್ಲಿತ್ತು, ಸರಿಯಾಗಿ ಕೆಲಸ ಮಾಡುತ್ತಿತ್ತು ಎನ್ನುವ 'ಎ' ಭಾಗ ನಿಮ್ಮದು. 'ಬಿ' ಭಾಗ ತಜ್ಞರದು. ಹ್ಯಾಶ್ ಮೌಲ್ಯವನ್ನು ಎರಡರಲ್ಲೂ ಬರೆಯಬೇಕು. ಹಳೆಯ ಕಾಯ್ದೆಯಲ್ಲಿ ಇದು 65ಬಿ ಆಗಿತ್ತು. ನಾಮಪತ್ರ ಸಲ್ಲಿಸಿದ ಹೊತ್ತು ಯಾವುದು ಎಂಬ ಜಗಳದ ವಿಡಿಯೊ ಸುಪ್ರೀಂ ಕೋರ್ಟಿನವರೆಗೆ ಹೋದಾಗ, ಮೂಲ ಸಾಧನವನ್ನೇ ಹಾಜರುಪಡಿಸದಿದ್ದರೆ ಪ್ರಮಾಣಪತ್ರ ಕಡ್ಡಾಯ ಎಂದು 2020ರಲ್ಲಿ ತೀರ್ಪಾಯಿತು. 'ಸಮಯ ಸರಿಯಾಗಿತ್ತು' ಎಂದು ಯಾರಾದರೂ ಬರೆಸಲು ಬಂದರೆ ಮಾತ್ರ ಸಹಿ ಹಾಕಬೇಡಿ.

ಪ್ರಶ್ನೆ: ಮುಕ್ತ ಮೂಲಗಳ ತನಿಖೆ ಎಂದರೆ ಗೂಗಲ್ ಮಾಡುವುದು ತಾನೇ? ಅದಕ್ಕೂ ತರಬೇತಿ ಬೇಕೇ?
– ಪತ್ರಿಕೋದ್ಯಮ ವಿದ್ಯಾರ್ಥಿ, ಧಾರವಾಡ

ಹುಡುಕುವುದು ಎಲ್ಲರಿಗೂ ಬರುತ್ತದೆ, ನೋಡುವುದಕ್ಕೆ ತರಬೇತಿ ಬೇಕು. 2014ರ ಜುಲೈ 17ರಂದು ಪೂರ್ವ ಉಕ್ರೇನಿನಲ್ಲಿ ಮಲೇಷ್ಯಾ ಏರ್‌ಲೈನ್ಸ್‌ನ ಎಂಎಚ್17 ಪ್ರಯಾಣಿಕ ವಿಮಾನವನ್ನು ಹೊಡೆದುರುಳಿಸಿ 298 ಜನರನ್ನು ಕೊಂದರು. ಅದನ್ನು ಹೊಡೆದ 'ಬುಕ್' ಎಂಬ ಕ್ಷಿಪಣಿಯ ವಾಹನ ಬಂದ ದಾರಿಯನ್ನು ಬೆಲ್ಲಿಂಗ್‌ಕ್ಯಾಟ್ ಎಂಬ ತನಿಖಾ ಪತ್ರಕರ್ತರ ತಂಡ ಜನಸಾಮಾನ್ಯರು ಜಾಲತಾಣಗಳಿಗೆ ಹಾಕಿದ ಚಿತ್ರಗಳಿಂದಲೇ ಜೋಡಿಸಿತು. ವಾಹನದ ಪಕ್ಕದಲ್ಲಿ ಇಳಿಬಿದ್ದ ರಬ್ಬರ್ ಅಂಚು ಸವೆದು ಡೊಂಕಾದ ಬಗೆ ಅವರಿಗೆ ಬೆರಳಚ್ಚಿನಂತೆ ಒದಗಿತು. ರಷ್ಯಾದಲ್ಲಿ ತೆಗೆದ ಚಿತ್ರದಲ್ಲಿಯೂ ಉಕ್ರೇನಿನ ಚಿತ್ರದಲ್ಲಿಯೂ ಅದೇ ಡೊಂಕು.

ನಮ್ಮ ತರಗತಿಯಲ್ಲಿ ಇಷ್ಟು ದೊಡ್ಡದೇನೂ ಇಲ್ಲ. ಒಂದು ಬೀದಿಯ ಫೋಟೊ ಕೊಟ್ಟು ಊರು ಹೇಳಿ ಎನ್ನುತ್ತೇನೆ. ಬಸ್ಸಿನ ಬೋರ್ಡು, ಅಂಗಡಿಯ ಫಲಕದ ಎಸ್‌ಟಿಡಿ ಕೋಡು, ಹಿಂದಿನ ಗುಡ್ಡದ ಅಂಚು, ನೆರಳು ಬಿದ್ದ ದಿಕ್ಕು ನೋಡಿ ಉಪಗ್ರಹ ಚಿತ್ರದೊಂದಿಗೆ ತಾಳೆ ಹಾಕಬೇಕು. ವಾಟ್ಸ್‌ಆ್ಯಪ್‌ನಲ್ಲಿ ಸಾಮಾನ್ಯ ಫೋಟೊ ಆಗಿ ಬಂದದ್ದರಲ್ಲಿ ಜಿಪಿಎಸ್ ಮಾಹಿತಿ ಹುಡುಕುತ್ತ ಹೊತ್ತು ಕಳೆಯಬೇಡಿ, ಅದು ದಾರಿಯಲ್ಲೇ ಕಳಚಿಹೋಗಿರುತ್ತದೆ. ಬರೀ ಸ್ಕ್ರೀನ್‌ಶಾಟ್ ತಂದವರಿಗೆ ನಾನು ಅಂಕ ಕೊಡುವುದಿಲ್ಲ. ಪುಟದ ಪೂರ್ತಿ ವಿಳಾಸ, ನೋಡಿದ ಸಮಯ, ಉಳಿಸಿದ ಪ್ರತಿಯ ಹ್ಯಾಶ್ ಮೂರೂ ಬೇಕು.

ಪ್ರಶ್ನೆ: ಮಗಳಿಗೆ ಸಂಬಂಧ ಬಂದಿದೆ. ಈ ವಿದ್ಯೆಯಿಂದ ಹುಡುಗನ ಪೂರ್ವಾಪರ ತಿಳಿಯಬಹುದೇ?
– ತಾಯಿಯೊಬ್ಬರು, ಶಿವಮೊಗ್ಗ

ಎಲ್ಲರಿಗೂ ಕಾಣುವುದನ್ನು ನೀವೂ ನೋಡಬಹುದು. ಸುಳ್ಳು ಹೆಸರಿನ ಖಾತೆ ತೆರೆದು ಹುಡುಗನ ಸ್ನೇಹ ಬೆಳೆಸಲು ಹೋಗಬೇಡಿ. ಕರೆ ವಿವರ ತೆಗೆಸಿಕೊಡುತ್ತೇವೆ ಎನ್ನುವ ಪತ್ತೇದಾರಿ ಏಜೆನ್ಸಿಗಳನ್ನಂತೂ ಹತ್ತಿರ ಸೇರಿಸಬೇಡಿ, ಅದು ಅಪರಾಧ. ನಾಲ್ಕು ಎಕರೆ ತೋಟವಿದೆ ಎಂದಿದ್ದಾರೆಯೇ? ಭೂಮಿ ಜಾಲತಾಣದಲ್ಲಿ ಪಹಣಿ ನೋಡಿ. ಸರ್ವೆ ನಂಬರ್ ಬೇಕಾಗುತ್ತದೆ. ಅದನ್ನು ಹುಡುಗನ ತಂದೆಯನ್ನೇ ಕೇಳಿ.