ಹೆಂಗಸರೇ ಹೆಚ್ಚು ಮಾತನಾಡುತ್ತಾರೆ ಎಂದು ಗಂಡಸರಿಗೆ ಏಕೆ ಅನ್ನಿಸುತ್ತದೆ?

ಅನ್ನಿಸುವುದೇನೋ ನಿಜ, ಎಣಿಸಿದರೆ ಲೆಕ್ಕ ಬೇರೆ. ಅಮೆರಿಕ ಮತ್ತು ಮೆಕ್ಸಿಕೋದ 396 ವಿದ್ಯಾರ್ಥಿಗಳ ದಿನನಿತ್ಯದ ಮಾತಿನ ತುಣುಕುಗಳನ್ನು ಧ್ವನಿಮುದ್ರಿಸಿ ನಡೆಸಿದ ಅಧ್ಯಯನವೊಂದು 2007ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಹುಡುಗರೂ ಹುಡುಗಿಯರೂ ದಿನಕ್ಕೆ ಹೆಚ್ಚುಕಡಿಮೆ 16,000 ಪದ ಆಡುತ್ತಿದ್ದರು.

ನಮ್ಮ ದಾವಣಗೆರೆಯಲ್ಲಿ ಸಂಜೆ ಮಿರ್ಚಿ ಮಂಡಕ್ಕಿ ಅಂಗಡಿಯ ಮುಂದೆ ನಾವು ಗಂಡಸರು ಗಂಟೆಗಟ್ಟಲೆ ನಿಂತು ಅಡಿಕೆ ಧಾರಣೆ, ಚುನಾವಣೆ ಎಂದು ಮಾತನಾಡುತ್ತೇವೆ. ಅದಕ್ಕೆ ‘ವಿಚಾರ’ ಎಂದು ಹೆಸರು. ಹೆಂಗಸರು ಕಟ್ಟೆಯ ಮೇಲೆ ಕುಳಿತರೆ ಮಾತ್ರ ‘ಹರಟೆ’. ಇದು ಅನ್ಯಾಯ.

ಇನ್ನು, ಮಾತಿನಿಂದ ಬಯಸುವುದೂ ಬೇರೆಯಾಗಿರಬಹುದು. ಮೊನ್ನೆ ಹೆಂಡತಿ ಒಗ್ಗರಣೆ ಹಾಕುತ್ತಾ, “ಕಚೇರಿಯಲ್ಲಿ ಇವತ್ತು ತಲೆ ಚಿಟ್ಟು ಹಿಡಿದುಹೋಯಿತು ರೀ” ಎಂದಳು. “ಹಾಗಾದರೆ ವರ್ಗ ಕೇಳಿಕೊ” ಎಂದೆ. ಸೌಟು ಅಲ್ಲೇ ನಿಂತಿತು. ಸಾಸಿವೆ ಸೀದ ವಾಸನೆ ಬಂತು, ಮಾತು ಬರಲಿಲ್ಲ. ದಾರಿ ತೋರಿಸಿದೆ ಎಂದು ನಾನು ತಿಳಿದಿದ್ದೆ. ‘ನನ್ನ ಮಾತನ್ನು ಅಲ್ಲಿಗೇ ಮುಗಿಸಿಬಿಟ್ಟರು’ ಎಂದು ಅವಳಿಗೆ ಅನ್ನಿಸಿತ್ತು.

ಎಲ್ಲರೂ ಹೀಗೆಯೇ ಎನ್ನಲಾರೆ. ನಮ್ಮ ಅಕ್ಕನಿಗೆ ಕಷ್ಟ ಹೇಳಿಕೊಂಡರೆ ಮಾತು ಮುಗಿಯುವ ಮೊದಲೇ ಪರಿಹಾರ ಹೇಳುತ್ತಾಳೆ. ಕೊನೆಯವರೆಗೆ ಸುಮ್ಮನೆ ಕುಳಿತು ಕೇಳಿಸಿಕೊಳ್ಳುವವರು ಭಾವ.